ಧ್ವನಿಯ ಹಂಬಲ, ಧನದ ಮಿತಿ

ಮನೆಯ ಸ್ಟೀರಿಯೊ ಒಂದೇ ಯಂತ್ರವಲ್ಲ. ಹಲವು ಉಪಕರಣಗಳ ಸರಪಳಿ. ರೆಕಾರ್ಡಿನಿಂದಲೋ ಸಿ.ಡಿ.ಯಿಂದಲೋ ಸಂಕೇತವನ್ನು ಎತ್ತಿಕೊಡುವ ಪ್ಲೇಯರ್, ಅದಕ್ಕೆ ಬಲ ತುಂಬುವ ಆಂಪ್ಲಿಫೈಯರ್, ವಿದ್ಯುತ್ತನ್ನು ಗಾಳಿಯ ಕಂಪನವಾಗಿಸುವ ಎರಡು ಸ್ಪೀಕರ್‌ಗಳು, ಇವನ್ನು ಜೋಡಿಸುವ ಕೇಬಲ್‌ಗಳು, ಕೊನೆಗೆ ಧ್ವನಿ ಹರಡುವ ಕೋಣೆ. ಪ್ರತಿಯೊಂದು ಕೊಂಡಿಯನ್ನೂ ಬಿಡಿಯಾಗಿ ಬದಲಿಸಬಹುದು. ಪ್ರತಿಯೊಂದಕ್ಕೂ ಅದಕ್ಕಿಂತ ಉತ್ತಮವಾದದ್ದು ಅಂಗಡಿಯಲ್ಲಿ ಇದ್ದೇ ಇರುತ್ತದೆ. ಹೀಗಾಗಿ ಸುಧಾರಣೆಗೆ ತಾನಾಗಿ ಬರುವ ಕೊನೆಯಿಲ್ಲ. ಕೈಯಲ್ಲಿರುವ ಹಣಕ್ಕೆ ಕೊನೆಯಿದೆ. ಈ ಎರಡೂ ಎದುರಾದಾಗ ಮೂರು ಪ್ರಶ್ನೆಗಳು ಏಳುತ್ತವೆ: ಯಾವುದನ್ನು ಸುಧಾರಣೆ ಎನ್ನಬೇಕು, ಯಾವುದನ್ನು ಮೊದಲು ಬದಲಿಸಬೇಕು, ಎಲ್ಲಿ ನಿಲ್ಲಬೇಕು. ಮೊದಲೆರಡಕ್ಕೆ ಶ್ರವಣವಿಜ್ಞಾನ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಮೂರನೆಯದು ಆಸೆಯನ್ನು ಕುರಿತದ್ದು. ಅದಕ್ಕೆ ಉತ್ತರವನ್ನು ಧರ್ಮ ಮತ್ತು ತತ್ತ್ವಶಾಸ್ತ್ರಗಳಲ್ಲಿ ಹುಡುಕಬೇಕು.

ಸಾಧನ ಮತ್ತು ಸಾಧ್ಯ

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಆರಂಭದಲ್ಲೇ ಕಸುಬುಗಳ ನಡುವಣ ತಾರತಮ್ಯವನ್ನು ವಿವರಿಸುತ್ತಾನೆ. ಕಡಿವಾಣ ಮಾಡುವ ಕಸುಬು ಕುದುರೆ ಸವಾರಿಗಾಗಿ ಇದೆ, ಸವಾರಿ ಯುದ್ಧಕಲೆಗಾಗಿ ಇದೆ. ಕೆಳಗಿನ ಕಸುಬಿನ ಒಳಿತು ಕೆಡುಕನ್ನು ಅಳೆಯುವುದು ಮೇಲಿನ ಗುರಿ. ಈ ನೋಟದಿಂದ ನೋಡಿದರೆ ಸ್ಟೀರಿಯೊ ಇರುವುದು ಆಲಿಸುವುದಕ್ಕಾಗಿ, ಆಲಿಸುವುದು ಸಂಗೀತಕ್ಕಾಗಿ. ಉಪಕರಣ ಎಷ್ಟು ಒಳ್ಳೆಯದಿರಬೇಕು ಎಂಬುದನ್ನು ಅದರಲ್ಲಿ ಯಾವ ಸಂಗೀತ ಕೇಳಲಾಗುತ್ತದೆ ಎಂಬುದೇ ನಿರ್ಧರಿಸಬೇಕು.

ಇದು ಬರಿಯ ತತ್ತ್ವವಲ್ಲ, ಲೆಕ್ಕಕ್ಕೆ ಸಿಗುವ ಮಾತು. ಯುರೋಪಿನ ದೊಡ್ಡ ಚರ್ಚುಗಳ ಪೈಪ್ ಆರ್ಗನ್‌ನಲ್ಲಿ 32 ಅಡಿಯ ಕೊಳವೆ ಹೊರಡಿಸುವ ಸ್ವರದ ಕಂಪನ ಸೆಕೆಂಡಿಗೆ ಸುಮಾರು 16. ಅದನ್ನು ಮನೆಯಲ್ಲಿ ಕೇಳಬೇಕೆಂದರೆ ದೊಡ್ಡ ಸ್ಪೀಕರೂ ದೊಡ್ಡ ಕೋಣೆಯೂ ಬೇಕು. ಗಾಯನ, ಪಿಟೀಲು, ಮೃದಂಗಗಳ ಕಛೇರಿಯಲ್ಲಿ 40 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ಇಲ್ಲ. ಪಿಟೀಲಿನ ಸಾಮಾನ್ಯ ಶ್ರುತಿಯ ಅತಿ ಕೆಳಗಿನ ತಂತಿಯೇ 196 ಹರ್ಟ್ಸ್ ಆಸುಪಾಸಿನಲ್ಲಿ ನುಡಿಯುತ್ತದೆ. ಇಂಥ ಸಂಗೀತಕ್ಕೆ ಒಳ್ಳೆಯ ಸಣ್ಣ ಸ್ಪೀಕರ್ ಜೋಡಿಯಿಂದ ಅನ್ಯಾಯವಾಗದು. 1902ರಲ್ಲಿ ಕಲ್ಕತ್ತೆಯಲ್ಲಿ ಮುದ್ರಣವಾದ ಗೌಹರ್ ಜಾನ್ ಅವರ ಹಾಡುಗಳಂತೆ, 1925ರಲ್ಲಿ ವಿದ್ಯುತ್ ಮುದ್ರಣ ಬರುವ ಮುಂಚೆ ತುತ್ತೂರಿಯ ಮುಂದೆ ಹಾಡಿಸಿ ಮುದ್ರಿಸಿದ ತಟ್ಟೆಗಳಲ್ಲಿ ಅತಿ ತಾರ ಕಂಪನಗಳು ದಾಖಲಾಗಿಯೇ ಇಲ್ಲ. ಅವನ್ನು ಕೇಳಲು ತಾರ ಕಂಪನಗಳನ್ನು ನುಡಿಸುವ ಅತಿಸೂಕ್ಷ್ಮ ಟ್ವೀಟರ್‌ಗೆ ಹಣ ಸುರಿದರೆ ಬರುವುದು ತಟ್ಟೆಯ ಚರಚರ ಸದ್ದು ಮಾತ್ರ.

ಬೃಹದಾರಣ್ಯಕ ಉಪನಿಷತ್ತು ಸಾಧನ-ಸಾಧ್ಯಗಳ ಸರಪಳಿಯನ್ನು ಕೊನೆಯವರೆಗೂ ಹಿಂಬಾಲಿಸುತ್ತದೆ. ಮನೆ ಬಿಟ್ಟು ಹೊರಡಲಿರುವ ಯಾಜ್ಞವಲ್ಕ್ಯ ಆಸ್ತಿಯನ್ನು ಇಬ್ಬರು ಪತ್ನಿಯರಿಗೆ ಹಂಚಲು ಮುಂದಾದಾಗ, ಸಂಪತ್ತು ತುಂಬಿದ ಇಡೀ ಭೂಮಿ ತನ್ನದಾದರೂ ಅದರಿಂದ ತಾನು ಅಮೃತಳಾಗುವೆನೇ ಎಂದು ಮೈತ್ರೇಯಿ ಕೇಳುತ್ತಾಳೆ. ಸಲಕರಣೆಗಳುಳ್ಳವರ ಬಾಳಿನಂಥ ಬಾಳು ಸಿಕ್ಕೀತು, ಅಮೃತತ್ವ ಸಿಗದು ಎಂದು ಅವನು ಉತ್ತರಿಸುತ್ತಾನೆ. ಯಾವ ವಸ್ತುವೂ ಆ ವಸ್ತುವಿಗಾಗಿ ಪ್ರಿಯವಲ್ಲ, ಆತ್ಮಕ್ಕಾಗಿ ಪ್ರಿಯ ಎಂಬ ಬೋಧೆ ಆಮೇಲೆ ಬರುತ್ತದೆ. ಅದೇ ಸಂವಾದದಲ್ಲಿ ಭೇರಿ, ಶಂಖ, ವೀಣೆಗಳ ದೃಷ್ಟಾಂತವೂ ಇದೆ: ಹೊರಗೆ ಹರಡಿದ ಸದ್ದುಗಳನ್ನು ಬಿಡಿಬಿಡಿಯಾಗಿ ಹಿಡಿಯಲಾಗದು, ವಾದ್ಯವನ್ನೋ ವಾದಕನನ್ನೋ ಹಿಡಿದರೆ ಸದ್ದೂ ಹಿಡಿತಕ್ಕೆ ಬರುತ್ತದೆ. ಉಪನಿಷತ್ತು ಇಲ್ಲಿ ಹೇಳುತ್ತಿರುವುದು ಆತ್ಮಜ್ಞಾನವನ್ನು ಕುರಿತು. ಆದರೂ ಧ್ವನಿಯ ಸೂಕ್ಷ್ಮಗಳನ್ನು ಒಂದೊಂದಾಗಿ ಬೆನ್ನಟ್ಟಿ ಸಂಗೀತದ ಮೂಲವನ್ನೇ ಮರೆಯುವ ಶ್ರೋತೃವಿಗೆ ಈ ದೃಷ್ಟಾಂತ ನೇರವಾಗಿ ತಾಗುತ್ತದೆ.

ರಸಕ್ಕೆ ಒದಗುವ ವಿಘ್ನಗಳು

ಹಾಗಾದರೆ ಒಳ್ಳೆಯ ಧ್ವನಿಗಾಗಿ ಹಂಬಲಿಸುವುದೇ ತಪ್ಪೆ? ಭಾರತೀಯ ಸಂಗೀತಶಾಸ್ತ್ರ ಹಾಗೆ ಹೇಳುವುದಿಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತರತ್ನಾಕರ’ದಲ್ಲಿ ನಾದವನ್ನು ಆಹತ, ಅನಾಹತ ಎಂದು ಎರಡಾಗಿ ವಿಂಗಡಿಸುತ್ತಾನೆ. ಅನಾಹತ ನಾದ ಯೋಗಿಗಳ ಉಪಾಸನೆಗೆ ಸಂದದ್ದು, ಅದರಲ್ಲಿ ರಂಜನೆಯಿಲ್ಲ. ಜನರ ಮನಸ್ಸನ್ನು ರಂಜಿಸುವ, ಜೊತೆಗೆ ಭವದ ಬಂಧವನ್ನೂ ಕಳಚಬಲ್ಲ ನಾದವಾಗಿ ಅವನು ಆಹತವನ್ನು, ಎಂದರೆ ಕಿವಿಗೆ ಕೇಳುವ ನಾದವನ್ನು, ಎತ್ತಿ ಹಿಡಿಯುತ್ತಾನೆ. ಕೇಳುವ ನಾದಕ್ಕೆ ಇಷ್ಟು ಬೆಲೆಯಿದ್ದರೆ, ಅದು ಕೆಡದಂತೆ ಕಿವಿಗೆ ತಲುಪಲಿ ಎಂಬ ಕಾಳಜಿಯೂ ಬೆಲೆಯುಳ್ಳದ್ದೇ.

ಆ ಕಾಳಜಿಯ ಎಲ್ಲೆಯನ್ನು ಗುರುತಿಸಲು ಅಭಿನವಗುಪ್ತನ ವಿಚಾರ ನೆರವಾಗುತ್ತದೆ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಈ ದಾರ್ಶನಿಕ ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ ಅಡ್ಡ ಬರುವ ಏಳು ವಿಘ್ನಗಳನ್ನು ಪಟ್ಟಿ ಮಾಡುತ್ತಾನೆ. ಅರಿವಿನ ಸಾಧನಗಳಲ್ಲಿ ಕೊರತೆ ಇರುವುದು, ಗ್ರಹಿಕೆ ಸ್ಫುಟವಾಗದಿರುವುದು ಅವುಗಳಲ್ಲಿ ಎರಡು. ಮನಸ್ಸು ತನ್ನದೇ ಸುಖದುಃಖಗಳಲ್ಲಿ ಮುಳುಗುವುದು ಇನ್ನೊಂದು. ಅಪ್ರಧಾನವಾದದ್ದು ಮುಂದೆ ಬಂದು ನಿಲ್ಲುವುದು ಮತ್ತೊಂದು. ಅವನ ಕಣ್ಣ ಮುಂದಿದ್ದದ್ದು ನಾಟಕ. ಮಾತು ಮಾತ್ರ ಮನೆಯ ಶ್ರವಣಕ್ಕೂ ಹೊಂದುತ್ತದೆ. ಸಾಹಿತ್ಯದ ಅಕ್ಷರಗಳು ಕಲಸಿಹೋಗುತ್ತಿದ್ದರೆ, ತಂಬೂರಿಯ ಶ್ರುತಿ ಗುಂಯ್‌ಗುಟ್ಟುವ ಮಂಜಾಗಿ ಮಾತ್ರ ಕೇಳುತ್ತಿದ್ದರೆ, ಎಡಬಲಗಳ ಸಮತೋಲ ತಪ್ಪಿದ್ದರೆ ಅದು ಸಾಧನದ ಕೊರತೆ. ಅದನ್ನು ನಿವಾರಿಸುವುದು ರಸಕ್ಕೆ ದಾರಿ ಮಾಡಿಕೊಡುತ್ತದೆ. ಪಲ್ಲವಿ ನಡೆಯುತ್ತಿರುವಾಗ ಕಿವಿ ಟ್ವೀಟರಿನ ಗುಣವನ್ನೇ ತೂಗುತ್ತಿದ್ದರೆ ಅಪ್ರಧಾನ ಪ್ರಧಾನವಾಯಿತು, ಉಪಕರಣವೇ ವಿಘ್ನವಾಯಿತು. ಇದರಿಂದ ಸುಧಾರಣೆಗೆ ಒಂದು ಸ್ಪಷ್ಟ ಲಕ್ಷಣ ಸಿಗುತ್ತದೆ: ಗುರುತಿಸಬಹುದಾದ ವಿಘ್ನವೊಂದನ್ನು ತೆಗೆಯುವ ಬದಲಾವಣೆ ಸುಧಾರಣೆ. ಅಂಥ ವಿಘ್ನವೇ ಇಲ್ಲದಾಗ ಮಾಡುವ ಬದಲಾವಣೆ ಬರಿಯ ಬದಲಾವಣೆ.

ಕಿವಿಯ ಸಾಕ್ಷ್ಯಕ್ಕೆ ಪ್ರಮಾಣವೇನು?

ವಿಘ್ನ ಹೋಯಿತೆಂದು ಹೇಳುವವರು ಯಾರು? ಕಿವಿಯೇ. ಆದರೆ ಕಿವಿಯ ಸಾಕ್ಷ್ಯವೆಲ್ಲ ನಂಬತಕ್ಕದ್ದಲ್ಲ. ಗೌತಮನ ನ್ಯಾಯಸೂತ್ರಗಳ ಪ್ರಕಾರ ಇಂದ್ರಿಯ ಮತ್ತು ವಿಷಯಗಳ ಸಂಪರ್ಕದಿಂದ ಹುಟ್ಟಿದ ಮಾತ್ರಕ್ಕೆ ಅರಿವು ಪ್ರತ್ಯಕ್ಷ ಪ್ರಮಾಣವಾಗದು. ಅದು ಭ್ರಾಂತಿಯಿಲ್ಲದ್ದೂ ಸಂದೇಹವಿಲ್ಲದ್ದೂ ಆಗಿರಬೇಕು. ಧ್ವನಿಯ ವಿಷಯದಲ್ಲಿ ಭ್ರಾಂತಿಗೆ ಎರಡು ದೊಡ್ಡ ಬಾಗಿಲುಗಳಿವೆ.

ಮೊದಲನೆಯದು ಸದ್ದಿನ ಮಟ್ಟ. ಕಿವಿ ಎಲ್ಲ ಕಂಪನಗಳನ್ನೂ ಒಂದೇ ಸಮನಾಗಿ ಕೇಳುವುದಿಲ್ಲ ಎಂಬುದನ್ನು 1933ರಲ್ಲಿ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದರು. ಸದ್ದು ಕಡಿಮೆಯಾದಂತೆ ಮಂದ್ರ ಕಂಪನಗಳು ಉಳಿದವುಗಳಿಗಿಂತ ಬೇಗ ಮರೆಯಾಗುತ್ತವೆ. ಹೀಗಾಗಿ ಒಂದು ಆಂಪ್ಲಿಫೈಯರ್ ಇನ್ನೊಂದಕ್ಕಿಂತ ಒಂದು ಡೆಸಿಬಲ್‌ನಷ್ಟು ಜೋರಾಗಿದ್ದರೂ ಕೇಳುವವರಿಗೆ ಅದು ಜೋರು ಅನ್ನಿಸದೆ ಉತ್ತಮ ಅನ್ನಿಸಿಬಿಡುತ್ತದೆ. ಮಟ್ಟ ಸರಿಗಟ್ಟದೆ ಮಾಡಿದ ಹೋಲಿಕೆಗೆ ಬೆಲೆಯಿಲ್ಲ. ಎರಡನೆಯದು ಕಣ್ಣು. ಧ್ವನಿತಜ್ಞರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಪೀಕರ್‌ಗಳನ್ನು ಕಂಡು ಕೇಳಿದಾಗ ಕೊಟ್ಟ ಅಂಕಗಳಿಗೂ ಪರದೆಯ ಹಿಂದಿಟ್ಟು ಕೇಳಿಸಿದಾಗ ಕೊಟ್ಟ ಅಂಕಗಳಿಗೂ ಗಣನೀಯ ವ್ಯತ್ಯಾಸ ಕಂಡುಬಂತು. ಗಾತ್ರ, ಹೆಸರು, ಬೆಲೆಗಳ ತಿಳಿವಳಿಕೆ ಕಿವಿಯ ತೀರ್ಪಿನೊಳಗೆ ನುಸುಳುತ್ತದೆ. ಹಣ ಕಡಿಮೆಯಿರುವವರಿಗೆ ಈ ಎರಡು ಎಚ್ಚರಗಳೇ ಅತ್ಯಂತ ಲಾಭದಾಯಕ ಉಪಕರಣ.

ಅಂಕಿಗಳನ್ನೇ ನಂಬುವುದೂ ಸಲ್ಲದು. ಬಂಗಾಳದಿಂದ ವಲಸೆ ಹೋದ ತಂದೆಯ ಮಗ ಅಮರ್ ಬೋಸ್ 1956ರಲ್ಲಿ ಎಂ.ಐ.ಟಿ.ಯಲ್ಲಿ ಓದುತ್ತಿದ್ದಾಗ ಒಳ್ಳೆಯ ಅಂಕಿ-ಅಂಶಗಳುಳ್ಳ ಸ್ಟೀರಿಯೊ ಕೊಂಡು ತಂದರು. ಬಾಲ್ಯದಲ್ಲಿ ಪಿಟೀಲು ಕಲಿತಿದ್ದ ಅವರ ಕಿವಿಗೆ ಅದರ ಧ್ವನಿ ನಿರಾಸೆ ತಂದಿತು. ಸಭಾಂಗಣದಲ್ಲಿ ಕೇಳುಗರನ್ನು ತಲುಪುವ ಧ್ವನಿಯಲ್ಲಿ ಹೆಚ್ಚಿನ ಪಾಲು ಗೋಡೆ ಸೂರುಗಳಿಂದ ಪ್ರತಿಫಲಿಸಿದ್ದು ಎಂಬ ಅಂಶ ಆ ಬಳಿಕದ ಅವರ ಸಂಶೋಧನೆಗೆ ಅಡಿಪಾಯವಾಯಿತು. ಅಳತೆಯೂ ಆಲಿಕೆಯೂ ಒಂದನ್ನೊಂದು ತಿದ್ದಿದಾಗಲೇ ತೀರ್ಪು ಪ್ರಮಾಣವಾಗುತ್ತದೆ.

ಯಾವುದು ಮೊದಲು?

ಮಿತವಾದ ಹಣ ಕ್ರಮವನ್ನು ಬೇಡುತ್ತದೆ. ಕ್ರಮದ ಮೊದಲ ಮೆಟ್ಟಿಲಿಗೆ ಹಣವೇ ಬೇಡ. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್ 1931ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ ಸ್ಟೀರಿಯೊ ವಿಧಾನ ನಿಂತಿರುವುದು ಎರಡು ಸ್ಪೀಕರ್‌ಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ಗಾಯಕನ ದನಿ ಮೂಡಬೇಕು ಎಂಬ ತತ್ತ್ವದ ಮೇಲೆ. ಎರಡು ಸ್ಪೀಕರ್‌ಗಳೂ ಕೇಳುವವರೂ ಸಮಭುಜ ತ್ರಿಕೋನದ ಮೂರು ಮೂಲೆಗಳಲ್ಲಿದ್ದು, ಟ್ವೀಟರ್‌ಗಳು ಕಿವಿಯ ಎತ್ತರಕ್ಕಿದ್ದರೆ ಆ ದನಿ ಮೂಡುತ್ತದೆ. ಸ್ಪೀಕರ್‌ಗಳನ್ನು ಕಪಾಟಿನ ಎರಡು ತುದಿಗೆ ತುರುಕಿದರೆ ಮೂಡುವುದಿಲ್ಲ. ಕೋಣೆಗೂ ತನ್ನದೇ ಶ್ರುತಿಯಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 4 ಮೀಟರ್ ಉದ್ದದ ಕೋಣೆ 43 ಹರ್ಟ್ಸ್ ಸುಮಾರಿಗೆ ತಾನೇ ಅನುರಣಿಸುತ್ತದೆ. ಮೂಲೆಗೆ ಒತ್ತರಿಸಿದ ಸ್ಪೀಕರ್ ಇಂಥ ಅನುರಣನಗಳನ್ನು ಕೆರಳಿಸಿ ಮಂದ್ರವನ್ನು ಉಬ್ಬಿಸುತ್ತದೆ. ಗೋಡೆಯಿಂದ ಒಂದೆರಡು ಅಡಿ ಸರಿಸುವುದು, ನೆಲಕ್ಕೆ ಜಮಖಾನ ಹಾಸುವುದು, ಬರಿಗೋಡೆಯ ಬಳಿ ಪುಸ್ತಕದ ಕಪಾಟು ನಿಲ್ಲಿಸುವುದು: ಇವು ಮಾಡುವಷ್ಟು ಬದಲಾವಣೆಯನ್ನು ಎಷ್ಟೋ ಸಲ ಹೊಸ ಆಂಪ್ಲಿಫೈಯರ್ ಮಾಡದು.

ಎರಡನೆಯ ಮೆಟ್ಟಿಲ ಬಗ್ಗೆ ಎರಡು ಪಂಥಗಳಿವೆ. ಮೂಲದಲ್ಲಿ ಕಳೆದುಹೋದದ್ದನ್ನು ಮುಂದಿನ ಯಾವ ಕೊಂಡಿಯೂ ಮರಳಿಸಲಾರದು, ಆದ್ದರಿಂದ ಪ್ಲೇಯರ್ ಮೊದಲು ಎಂಬುದು 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಟರ್ನ್‌ಟೇಬಲ್ ತಯಾರಕರು ಸಾರಿದ ವಾದ. ಎಲ್ಲಕ್ಕಿಂತ ಹೆಚ್ಚು ದೋಷವಿರುವ ಕೊಂಡಿ ಸ್ಪೀಕರ್, ಆದ್ದರಿಂದ ಅದು ಮೊದಲು ಎಂಬುದು ಪ್ರತಿವಾದ. ಹಾಡುವುದು ಟರ್ನ್‌ಟೇಬಲ್ ಆಗಿದ್ದಾಗ ಮೊದಲ ವಾದಕ್ಕೆ ಬಲವಿತ್ತು. ಸವೆದ ಮುಳ್ಳು ಧ್ವನಿಯನ್ನೂ ತಟ್ಟೆಯನ್ನೂ ಒಟ್ಟಿಗೆ ಕೆಡಿಸುತ್ತದೆ. 1982ರಲ್ಲಿ ಸಿ.ಡಿ. ಬಂದ ಮೇಲೆ ಚಿತ್ರ ಬದಲಾಯಿತು. ಸೆಕೆಂಡಿಗೆ 44,100 ಮಾದರಿ, 16 ಬಿಟ್‌ಗಳ ಆ ವಿಧಾನ 20,000 ಹರ್ಟ್ಸ್‌ವರೆಗಿನ ಇಡೀ ಶ್ರವಣವ್ಯಾಪ್ತಿಯನ್ನು ಸುಮಾರು 96 ಡೆಸಿಬಲ್ ಅಂತರದಲ್ಲಿ ಹಿಡಿದಿಡುತ್ತದೆ. ಸಾಧಾರಣ ಬೆಲೆಯ ಪ್ಲೇಯರಿನಲ್ಲೂ ಕಿವಿಗೆ ಗೊತ್ತಾಗುವ ದೋಷ ಅತ್ಯಲ್ಪ. ಸ್ಪೀಕರಿನಲ್ಲಿ ಕೋಣೆಯೊಡನೆ ಸೇರಿ 10 ಡೆಸಿಬಲ್‌ಗಳ ಏರಿಳಿತ ಇಂದಿಗೂ ಸಾಮಾನ್ಯ. ಆದ್ದರಿಂದ ಡಿಜಿಟಲ್ ಮೂಲವಿರುವ ಮನೆಯಲ್ಲಿ ಹಣದ ದೊಡ್ಡ ಪಾಲು ಸ್ಪೀಕರಿಗೆ ಸಲ್ಲುವುದು ನ್ಯಾಯ.

ಆಂಪ್ಲಿಫೈಯರ್ ಮೂರನೆಯದು. ಗುಸ್ತಾವ್ ಫೆಕ್ನರ್ 1860ರಲ್ಲಿ ಮಂಡಿಸಿದ ನಿಯಮದ ಸಾರವೆಂದರೆ, ಪ್ರಚೋದನೆ ಗುಣಾಕಾರದಲ್ಲಿ ಬೆಳೆದಾಗ ಅನುಭವ ಸಂಕಲನದಲ್ಲಿ ಮಾತ್ರ ಬೆಳೆಯುತ್ತದೆ. ವಾಟ್‌ಗಳ ಲೆಕ್ಕ ಇದಕ್ಕೆ ಹತ್ತಿರವಾಗಿ ನಡೆಯುತ್ತದೆ. ಬಲ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬಲ್; ಸದ್ದು ಇಮ್ಮಡಿಯಾಯಿತು ಎಂದು ಕಿವಿ ಒಪ್ಪಬೇಕಾದರೆ ಸುಮಾರು 10 ಡೆಸಿಬಲ್, ಎಂದರೆ ಹತ್ತು ಪಟ್ಟು ಬಲ ಬೇಕು. ಒಂದೇ ಬಲಕ್ಕೆ ಸ್ಪೀಕರ್ ಎಷ್ಟು ಸದ್ದು ಹೊರಡಿಸುತ್ತದೆ ಎಂಬುದು ಅದರ ಸಂವೇದನೆ. 86 ಡೆಸಿಬಲ್ ಸಂವೇದನೆಯ ಸ್ಪೀಕರಿನ ಬದಲು 89 ಡೆಸಿಬಲ್‌ನದನ್ನು ಆರಿಸಿದರೆ ಇರುವ ಆಂಪ್ಲಿಫೈಯರಿನ ಬಲವನ್ನೇ ಇಮ್ಮಡಿಸಿದಂತೆ. 1978ರಲ್ಲಿ ಬಂದ ಎನ್‌.ಎ.ಡಿ. 3020 ಎಂಬ ಅಗ್ಗದ ಆಂಪ್ಲಿಫೈಯರಿನ ಘೋಷಿತ ಬಲ ಚಾನೆಲ್‌ಗೆ 20 ವಾಟ್ ಮಾತ್ರ. ಲೋಕದ ಎಷ್ಟೋ ಮನೆಗಳಲ್ಲಿ ಅದು ದಶಕಗಳ ಕಾಲ ಹಾಡಿತು. ಕೇಬಲ್‌ಗೆ ಸಾಕಷ್ಟು ದಪ್ಪವೂ ಬಿಗಿಯಾದ ಜೋಡಣೆಯೂ ಇದ್ದರೆ ಅದರ ಕೆಲಸ ಮುಗಿಯಿತು.

ಹಳೆಯದನ್ನು ಕೊಳ್ಳುವುದು, ದುರಸ್ತಿ ಮಾಡಿಸುವುದು ಈ ಕ್ರಮದ ಎಲ್ಲ ಮೆಟ್ಟಿಲಲ್ಲೂ ಸೇರುತ್ತದೆ. ಮಂದ್ರ ನುಡಿಸುವ ವೂಫರ್‌ನ ಅಂಚಿನ ಫೋಮ್ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ಕೆಪಾಸಿಟರ್‌ಗಳು ಒಣಗುತ್ತವೆ. ಎರಡನ್ನೂ ಹೊಸದಾಗಿ ಹಾಕಿಸಬಹುದು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಬಿಡಿಭಾಗ ಸಿಗುವವರೆಗೆ ಮೂಲೆಗೆ ಬಿದ್ದ ಉಪಕರಣಕ್ಕೂ ಇನ್ನೊಂದು ಆಯುಸ್ಸಿದೆ.

ತೃಷ್ಣೆ ಬೆಳೆಯುವ ಬಗೆ

ಈ ಕ್ರಮವನ್ನೆಲ್ಲ ಪಾಲಿಸಿದ ಮೇಲೂ ಹಂಬಲ ಉಳಿಯುವುದೇಕೆ? ಫ್ರಾನ್ಸಿನ ಚಿಂತಕ ಡಿಡೆರೊ 18ನೆಯ ಶತಮಾನದಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ ಒಂದು ಉತ್ತರವಿದೆ. ಹೊಸದೊಂದು ನಿಲುವಂಗಿ ಬಂದ ಮೇಲೆ ಅವನ ಹಳೆಯ ಕುರ್ಚಿ, ಮೇಜು, ಚಿತ್ರಗಳೆಲ್ಲ ಅದಕ್ಕೆ ಹೊಂದದಂತೆ ಕಂಡು ಒಂದೊಂದೂ ಬದಲಾಗುತ್ತವೆ. ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕನ್ 1988ರಲ್ಲಿ ಈ ಸ್ವಭಾವಕ್ಕೆ ಡಿಡೆರೊ ಪರಿಣಾಮವೆಂದು ಹೆಸರಿಟ್ಟರು. ಸ್ಟೀರಿಯೊ ಇದಕ್ಕೆ ಹೇಳಿ ಮಾಡಿಸಿದ ಕ್ಷೇತ್ರ: ಹೊಸ ಸ್ಪೀಕರ್ ಹಳೆಯ ಆಂಪ್ಲಿಫೈಯರಿನ ದೋಷವನ್ನು ಎತ್ತಿ ತೋರಿಸುತ್ತದೆ, ಹೊಸ ಆಂಪ್ಲಿಫೈಯರ್ ಪ್ಲೇಯರಿನದನ್ನು. ಸುಖಕ್ಕೆ ಮನಸ್ಸು ಬೇಗ ಒಗ್ಗಿಕೊಂಡು ಮತ್ತೆ ಮೊದಲಿನ ಮಟ್ಟಕ್ಕೇ ಇಳಿಯುತ್ತದೆ ಎಂದು ಮನೋವಿಜ್ಞಾನಿಗಳಾದ ಬ್ರಿಕ್‌ಮನ್ ಮತ್ತು ಕ್ಯಾಂಬೆಲ್ 1971ರಲ್ಲಿ ಮಂಡಿಸಿದ ವಿಚಾರ ಇದರ ಇನ್ನೊಂದು ಮುಖ. ಬೌದ್ಧ ದರ್ಶನ ಇದನ್ನು ಬಹು ಹಿಂದೆಯೇ ಕಾರ್ಯಕಾರಣದ ಸರಪಳಿಯಲ್ಲಿ ಇಟ್ಟಿತ್ತು: ವೇದನೆಯಿಂದ, ಎಂದರೆ ಹಿತ-ಅಹಿತಗಳ ಅನುಭವದಿಂದ, ತೃಷ್ಣೆ; ತೃಷ್ಣೆಯಿಂದ ಉಪಾದಾನ, ಎಂದರೆ ಅಂಟಿಕೊಳ್ಳುವಿಕೆ.

ಗ್ರೀಸಿನ ಎಪಿಕ್ಯೂರಸ್ ಆಸೆಗಳನ್ನು ಮೂರಾಗಿ ವಿಂಗಡಿಸಿದ: ಸಹಜವೂ ಅಗತ್ಯವೂ ಆದವು, ಸಹಜವಾದರೂ ಅಗತ್ಯವಲ್ಲದವು, ಪೊಳ್ಳಾದವು. ಕೊರತೆಯ ನೋವು ನೀಗಿದ ಮೇಲೆ ಸುಖ ಹೆಚ್ಚುವುದಿಲ್ಲ, ಬಗೆ ಬದಲಿಸುತ್ತದೆ ಅಷ್ಟೇ ಎಂಬುದು ಅವನ ಸೂಕ್ಷ್ಮವಾದ ಗ್ರಹಿಕೆ. ಅಭಿನವಗುಪ್ತನ ವಿಘ್ನವಿಚಾರವೂ ಇದೂ ಒಂದೇ ಕಡೆಗೆ ಕೈ ತೋರುತ್ತವೆ. ಅಕ್ಷರ ಸ್ಪಷ್ಟವಾಗಿ, ಶ್ರುತಿ ಶುದ್ಧವಾಗಿ, ತಾಳ ಬಿಗಿಯಾಗಿ ಕೇಳತೊಡಗಿದ ಮೇಲೆ ಬರುವ ಹೊಸ ಉಪಕರಣ ಹಿತದ ಬಣ್ಣ ಬದಲಿಸೀತು, ಹಿತವನ್ನು ಹೆಚ್ಚಿಸದು.

ಮಿತಿಯೆಂಬ ವ್ರತ

ಮಿತಿಯಲ್ಲಿ ಎರಡು ಬಗೆ. ಸಂಬಳ ಹಾಕುವ ಮಿತಿ ಹೊರಗಿನದು. ಸಂಬಳ ಏರಿದ ದಿನ ಅದು ಸರಿದುಹೋಗುತ್ತದೆ, ತೃಷ್ಣೆ ಮಾತ್ರ ಅಲ್ಲೇ ಇರುತ್ತದೆ. ತಾನೇ ಹಾಕಿಕೊಂಡ ಮಿತಿ ಒಳಗಿನದು. ಕರ್ನಾಟಕದಲ್ಲಿ ಆಳವಾಗಿ ಬೇರೂರಿದ ಜೈನ ಧರ್ಮ ಈ ಎರಡನೆಯದನ್ನು ವ್ರತವಾಗಿಸಿತು. ಮುನಿಗೆ ವಿಧಿಸಿದ್ದು ಪೂರ್ಣ ಅಪರಿಗ್ರಹ. ಗೃಹಸ್ಥನಿಗೆ ವಿಧಿಸಿದ್ದು ಪರಿಗ್ರಹ ಪರಿಮಾಣ, ಎಂದರೆ ತನ್ನ ಸೊತ್ತು ಇಷ್ಟಕ್ಕೆ ಸಾಕೆಂದು ಮುಂಚಿತವಾಗಿ ತಾನೇ ಗೊತ್ತುಮಾಡಿಕೊಳ್ಳುವುದು. ವ್ರತದ ಬಲವಿರುವುದು ಆ ಮುಂಚಿತತನದಲ್ಲಿ. ಅಂಗಡಿಯೊಳಗೆ ನಿಂತು ಹಾಕಿಕೊಂಡ ಎಲ್ಲೆ ಅಂಗಡಿಯೊಳಗೇ ಅಳಿಸಿಹೋಗುತ್ತದೆ.

12ನೆಯ ಶತಮಾನದ ಶರಣರ ನಡುವೆ ಆಯ್ದಕ್ಕಿ ಲಕ್ಕಮ್ಮನ ಕಥೆ ಇದೇ ವಿವೇಕವನ್ನು ಸಾರುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನ ಅಕ್ಕಿಯನ್ನು ಅಲ್ಲೇ ಸುರಿದು ಬರುವಂತೆ ಅವಳು ಗಂಡನನ್ನು ಹಿಂದಕ್ಕೆ ಕಳಿಸುತ್ತಾಳೆ. ಬಡತನ ಅವಳನ್ನು ತಡೆದಿರಲಿಲ್ಲ. ಅಕ್ಕಿ ಮನೆಬಾಗಿಲಿಗೇ ಬಂದಿತ್ತು. ತಡೆದದ್ದು ಅವಳೇ ಹಾಕಿಕೊಂಡ ಅಳತೆ.

ಇದಕ್ಕೊಂದು ಆಕ್ಷೇಪ ಬರಬಹುದು. ಸಂತೋಷವೇ, ಎಂದರೆ ಇದ್ದದ್ದರಲ್ಲಿ ತೃಪ್ತಿಯೇ, ಧರ್ಮವಾದರೆ ಒಡಕು ಸ್ಪೀಕರಿನಲ್ಲೇ ತೃಪ್ತಿಪಡಬೇಕಲ್ಲವೇ? ಪತಂಜಲಿಯ ಯೋಗಸೂತ್ರಗಳು ಸಂತೋಷವನ್ನು ನಿಯಮಗಳಲ್ಲಿ ಎಣಿಸುವಾಗ ಅದರ ಜೊತೆಗೇ ಶೌಚವನ್ನೂ ತಪಸ್ಸನ್ನೂ ಎಣಿಸುತ್ತವೆ. ಕೊಳೆಯನ್ನು ತೊಳೆಯದಿರುವುದು ಸಂತೋಷವಲ್ಲ. ದೋಷವನ್ನು ಸರಿಪಡಿಸದಿರುವುದೂ ಅಲ್ಲ. ಬೌದ್ಧರ ಪಾಲಿ ನಿಕಾಯ ಗ್ರಂಥಗಳಲ್ಲಿ ಬರುವ ಸೋಣನೆಂಬ ಭಿಕ್ಷುವಿನ ಪ್ರಸಂಗ ಈ ಹದವನ್ನು ಧ್ವನಿಯ ಭಾಷೆಯಲ್ಲೇ ಹೇಳುತ್ತದೆ. ಪಾದ ಒಡೆದು ರಕ್ತ ಸುರಿಯುವಷ್ಟು ಚಂಕ್ರಮಣ, ಎಂದರೆ ನಡೆಯುತ್ತ ಧ್ಯಾನ, ಮಾಡಿ ಬೇಸತ್ತ ಅವನು ಹಿಂದೆ ವೀಣಾವಾದಕನಾಗಿದ್ದ. ತಂತಿ ಅತಿ ಬಿಗಿಯಾದರೂ ಅತಿ ಸಡಿಲವಾದರೂ ವೀಣೆ ನುಡಿಯದೆಂದು ಅವನ ಬಾಯಿಂದಲೇ ಹೇಳಿಸಿ ಬುದ್ಧ ಸಾಧನೆಯ ಹದವನ್ನು ಮನಗಾಣಿಸುತ್ತಾನೆ. ಕೆಟ್ಟದ್ದನ್ನು ಸಹಿಸುತ್ತ ಕೂರುವುದು ಸಡಿಲು ತಂತಿ, ಕೊನೆಯಿಲ್ಲದೆ ಬದಲಿಸುತ್ತ ಹೋಗುವುದು ಬಿಗಿ ತಂತಿ.

ನಿರ್ಧಾರದ ಅನುಕ್ರಮ

ಈ ವಿಚಾರಗಳನ್ನೆಲ್ಲ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳಾಗಿ ಜೋಡಿಸಬಹುದು. ಪ್ರಿಯವಾದ ಯಾವ ಸಂಗೀತದಲ್ಲಿ ಯಾವ ಅಂಶ ಕೇಳುತ್ತಿಲ್ಲ? ಅದನ್ನು ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಕೊರತೆ ಇರುವುದು ಮನಸ್ಸಿನಲ್ಲಿ, ಯಂತ್ರದಲ್ಲಲ್ಲ. ಹೇಳಲಾದರೆ, ಆ ಕೊರತೆ ಮುದ್ರಣದ್ದೇ, ಕೋಣೆಯದೇ, ಉಪಕರಣದ್ದೇ? ಸ್ಥಾನ ಬದಲಿಸಿ, ದುರಸ್ತಿ ಮಾಡಿಸಿ ನೀಗಿಸಬಹುದೇ? ಹೊಸದೇ ಬೇಕಾದರೆ ಮಟ್ಟ ಸರಿಗಟ್ಟಿ, ಬೆಲೆ ನೋಡದೆ ಕೇಳಿದಾಗಲೂ ಅದು ಮೇಲೆನಿಸುತ್ತದೆಯೇ? ಇದಕ್ಕೆ ಎತ್ತಿಡುವ ಹಣ ಮನೆಯವರ ಅಗತ್ಯಗಳಿಂದ ಕಿತ್ತದ್ದೇ? ಅದೇ ಹಣದಲ್ಲಿ ಸಂಗೀತದ ಮುದ್ರಿಕೆಗಳನ್ನೋ ಕಛೇರಿಯ ಟಿಕೆಟನ್ನೋ ಕೊಂಡರೆ ಶ್ರವಣ ಇನ್ನೂ ಶ್ರೀಮಂತವಾಗದೇ? ಕೊನೆಯದಾಗಿ, ಈ ಬದಲಾವಣೆಯ ನಂತರ ಎಷ್ಟು ಕಾಲ ಇನ್ನೊಂದಿಲ್ಲ ಎಂಬ ಅಳತೆ ಮೊದಲೇ ಗೊತ್ತಾಗಿದೆಯೇ?

ಈ ಪ್ರಶ್ನೆಗಳನ್ನು ದಾಟಿ ಬಂದ ಖರೀದಿ ಚಿಕ್ಕದಿರಲಿ ದೊಡ್ಡದಿರಲಿ ಧರ್ಮಕ್ಕೆ ವಿರುದ್ಧವಲ್ಲ. ಬದಲಾಗಿ ತೆಗೆದ ಉಪಕರಣ ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಅದನ್ನು ಸಂಗೀತ ಕಲಿಯುವ ಮಗುವಿನ ಮನೆಗೋ ಊರಿನ ಗ್ರಂಥಾಲಯಕ್ಕೋ ಕೊಡುವುದು ಪರಿಗ್ರಹ ಪರಿಮಾಣಕ್ಕೂ ದಾಸೋಹಕ್ಕೂ ಒಪ್ಪುವ ನಡೆ. ವರಮಾನ ಏರಿದಾಗ ಮಿತಿಯನ್ನು ಮರಳಿ ಪರಿಶೀಲಿಸಬಹುದು, ಆದರೆ ಅಳತೆಗೋಲು ಬದಲಾಗಬೇಕಿಲ್ಲ: ವಿಘ್ನವಿದ್ದಲ್ಲಿ ಬದಲಾವಣೆ, ಇಲ್ಲದಲ್ಲಿ ಆಲಿಕೆ.